ದಿನವೆಣಿಸಿ ಕಾಪಾಡಿದ ತಪಸ್ಸು ಕಾಲ

ಧರ್ಮಸಭೆಯ ವಾರ್ಷಿಕ ಪಂಚಾಂಗದಲ್ಲಿ ತಪಸ್ಸು ಕಾಲಕ್ಕೆ ವಿಶಿಷ್ಟವಾದ ಸ್ಥಾನವಿದೆಯೆಂಬುದು ಸರ್ವವಿದಿತವಾದ ಸಂಗತಿ. ಹಬ್ಬಗಳು ಒಂದು ದಿನ ಬಂದು ಮರುದಿನ ಸಾಗಿಹೋಗುತ್ತವೆ. ತಪಸ್ಸು ಕಾಲವಾದರೋ ದಿನಂಪ್ರತಿ ನಡೆಸಿಕೊಂಡು ಬರಬೇಕಾದ ಸಾಧನೆ. ವಿಭೂತಿ ಬುಧವಾರದಿಂದ ಪವಿತ್ರ ಶನಿವಾರದವರೆಗಿನ 46 ದಿನಗಳಲ್ಲಿ 6 ಭಾನುವಾರಗಳನ್ನು ಕಳೆದರೆ ಉಳಿಯುವುದು 40 ದಿನ. ಮೊದಲನೆಯ ದಿನ ಹಣೆಯ ಮೇಲೆ ಬೂದಿಯನ್ನು ಧರಿಸುವುದಕ್ಕಾಗಿ ದೇವಾಲಯವು ಕಿಕ್ಕಿರಿದು ತುಂಬುತ್ತದೆ. ಪವಿತ್ರ ವಾರದಲ್ಲಿಯೂ ಹಾಗೆಯೇ. ಇವೆರಡರ ನಡುವೆ ಬರುವ ಸಾಧಾರಣವಾದ ಮಂಗಳವಾರ, ಗುರುವಾರಗಳೇ ಭಕ್ತನ ನಿಜವಾದ ಪರೀಕ್ಷೆಯ ದಿನಗಳು. ಆ ದಿನಗಳಲ್ಲಿ ಗಂಟೆ ಬಾರಿಸಿ ಕರೆಯುವವರಿಲ್ಲ. ಹೊಲ, ಕಚೇರಿ, ಅಡಿಗೆಮನೆಗಳ ಕೆಲಸ ಎಂದಿನಂತೆಯೇ ಇರುತ್ತದೆ. ಅಂಥ ದಿನಗಳಲ್ಲಿ ತಪಸ್ಸು ಕಾಲವನ್ನು ಉಳಿಸಿಕೊಂಡು ಬಂದವರು ಯಾರು, ಹೇಗೆ ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ಅವಲೋಕಿಸುವುದೇ ಈ ಲೇಖನದ ಉದ್ದೇಶ.

ನಿಯಮವು ಬೆಳೆದುಬಂದ ಬಗೆ

ನಲವತ್ತು ದಿನಗಳ ಆಚರಣೆಯು ಒಂದೇ ದಿನದಲ್ಲಿ, ಒಂದೇ ಆಜ್ಞೆಯಿಂದ ಹುಟ್ಟಿದುದಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ಅಂತ್ಯಕ್ಕೆ ಸೇರಿದುದೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಡುವ 'ದಿದಾಖೆ' ಎಂಬ ಪುಟ್ಟ ಗ್ರಂಥವು ವಿಶ್ವಾಸಿಗಳಿಗೆ ಎರಡು ಸಂಗತಿಗಳನ್ನು ವಿಧಿಸುತ್ತದೆ: ಬುಧವಾರ ಮತ್ತು ಶುಕ್ರವಾರ ಉಪವಾಸವಿರಬೇಕು, ಪ್ರಭು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಬಾರಿ ಹೇಳಬೇಕು. ತಪಸ್ಸು ಕಾಲವೆಂಬ ಹೆಸರು ಬರುವುದಕ್ಕೆ ಮೊದಲೇ ನಿತ್ಯಸಾಧನೆಯ ಬೀಜವು ಬಿದ್ದಿತ್ತೆಂಬುದಕ್ಕೆ ಇದೇ ಸಾಕ್ಷಿ. ಎರಡನೆಯ ಶತಮಾನದ ಕೊನೆಯಲ್ಲಿ ಲಿಯೋನ್ಸ್ ನಗರದ ಸಂತ ಇರೆನೇಯುಸರು ಜಗದ್ಗುರು ವಿಕ್ಟರರಿಗೆ ಬರೆದ ಪತ್ರದಲ್ಲಿ, ಪಾಸ್ಖ ಹಬ್ಬಕ್ಕೆ ಮೊದಲು ಕೆಲವರು ಒಂದು ದಿನ, ಕೆಲವರು ಎರಡು ದಿನ, ಕೆಲವರು ಇನ್ನೂ ಹೆಚ್ಚು ದಿನ ಉಪವಾಸವಿರುತ್ತಾರೆಂದು ತಿಳಿಸಿ, ಈ ಭೇದದಿಂದ ವಿಶ್ವಾಸದ ಐಕ್ಯಕ್ಕೆ ಕುಂದಿಲ್ಲವೆಂದು ಶಾಂತಿಯ ಮಾತನ್ನಾಡಿದ್ದಾರೆ.

325ರಲ್ಲಿ ಸೇರಿದ ನಿಸೇಯ ಮಹಾಸಭೆಯ ಐದನೆಯ ವಿಧಿಯಲ್ಲಿ 'ನಲವತ್ತರ ಕಾಲ' ಎಂಬ ಮಾತು, ಎಲ್ಲರಿಗೂ ಪರಿಚಿತವಾದುದೆಂಬಂತೆ ಬಂದಿದೆ. ಅಲ್ಲಿಂದ ಅರುವತ್ತು ವರ್ಷಗಳೊಳಗೆ ಈ ಆಚರಣೆಯು ಹೇಗೆ ಬೇರೂರಿತ್ತೆಂಬುದನ್ನು ಎಜೇರಿಯಾ ಎಂಬ ಯಾತ್ರಿಕಳ ಬರೆಹದಿಂದ ತಿಳಿಯಬಹುದು. ಸುಮಾರು 381ರಿಂದ 384ರವರೆಗೆ ಜೆರುಸಲೇಮಿನಲ್ಲಿದ್ದ ಈ ಸ್ತ್ರೀಯು ತನ್ನ ನಾಡಿನ ಸೋದರಿಯರಿಗೆ ತಾನು ಕಂಡುದನ್ನೆಲ್ಲ ವಿವರವಾಗಿ ಬರೆದಳು. ಪಾಸ್ಖ ಹಬ್ಬದಂದು ಜ್ಞಾನಸ್ನಾನ ಪಡೆಯಬೇಕಾದವರು ತಮ್ಮ ಜ್ಞಾನ ತಂದೆತಾಯಿಗಳೊಡನೆ ಪ್ರತಿನಿತ್ಯ ಬೆಳಗ್ಗೆ ಬಿಷಪರ ಸುತ್ತ ಕುಳಿತು, ಮೂರು ಗಂಟೆಗಳ ಕಾಲ ಪವಿತ್ರ ಗ್ರಂಥದ ವಿವರಣೆಯನ್ನು ಕೇಳುತ್ತಿದ್ದರು. ಉಪವಾಸದ ವಿಷಯದಲ್ಲಿ ಮಾತ್ರ ಯಾರ ಮೇಲೆಯೂ ಬಲವಂತವಿರಲಿಲ್ಲ. ಹೆಚ್ಚು ಮಾಡಿದವನನ್ನು ಹೊಗಳುವುದಾಗಲಿ, ಕಡಿಮೆ ಮಾಡಿದವನನ್ನು ಹಳಿಯುವುದಾಗಲಿ ಅಲ್ಲಿನ ರೂಢಿಯಾಗಿರಲಿಲ್ಲ. ಪ್ರತಿಯೊಬ್ಬನೂ ತನ್ನ ಶಕ್ತ್ಯನುಸಾರ ನಡೆದುಕೊಳ್ಳುತ್ತಿದ್ದನು.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠವಾಸಿಗಳಿಗೆ ಬರೆದುಕೊಟ್ಟ ನಿಯಮಾವಳಿಯಲ್ಲಿ ಈ ನಿತ್ಯಸಾಧನೆಗೆ ಇನ್ನೂ ಖಚಿತವಾದ ರೂಪ ದೊರೆಯಿತು. ತಪಸ್ಸು ಕಾಲದ ಆರಂಭದಲ್ಲಿ ಪ್ರತಿಯೊಬ್ಬ ಮಠವಾಸಿಗೂ ಗ್ರಂಥಭಂಡಾರದಿಂದ ಒಂದೊಂದು ಪುಸ್ತಕವನ್ನು ಕೊಡಬೇಕು. ಅದನ್ನು ಅವನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಓದಿ ಮುಗಿಸಬೇಕು. ಊಟ, ನಿದ್ರೆ, ಮಾತು ಇವುಗಳಲ್ಲಿ ತಾನಾಗಿ ಬಿಡಲಿಚ್ಛಿಸಿದುದನ್ನು ಮಠಾಧಿಪತಿಗೆ ಮೊದಲೇ ತಿಳಿಸಬೇಕು. ಇಲ್ಲವಾದರೆ ಅದು ಅಹಂಕಾರಕ್ಕೆ ದಾರಿಯಾದೀತು. ಅದೇ ಶತಮಾನದ ಅಂತ್ಯದಲ್ಲಿ ಜಗದ್ಗುರುಗಳಾದ ಮಹಾ ಗ್ರೆಗೊರಿಯವರು, ಭಾನುವಾರಗಳನ್ನು ಬಿಟ್ಟು ಉಳಿಯುತ್ತಿದ್ದ 36 ದಿನಗಳ ಉಪವಾಸವು ವರ್ಷದ 365 ದಿನಗಳಲ್ಲಿ ದೇವರಿಗೆ ಸಲ್ಲುವ ದಶಾಂಶವೆಂದು ವಿವರಿಸಿದರು. ಬುಧವಾರದಿಂದ ಆರಂಭವಾಗುವ ನಾಲ್ಕು ದಿನಗಳು ಸೇರಿ ಸಂಖ್ಯೆಯು ನಲವತ್ತಕ್ಕೆ ಪೂರ್ಣವಾದುದು ಅನಂತರದ ಕಾಲದಲ್ಲಿ. ರೋಮಾಪುರಿಯ ಜನರು ತಪಸ್ಸು ಕಾಲದಲ್ಲಿ ಪ್ರತಿನಿತ್ಯ ಒಂದು ದೇವಾಲಯದಲ್ಲಿ ಕಲೆತು, ಮೆರವಣಿಗೆಯಾಗಿ ಮತ್ತೊಂದಕ್ಕೆ ನಡೆದು ಬಲಿಪೂಜೆಯಲ್ಲಿ ಭಾಗವಹಿಸುತ್ತಿದ್ದರು. ಗುರುವಾರಗಳಿಗೆ ಪ್ರತ್ಯೇಕ ಪೂಜೆ ಇರಲಿಲ್ಲ. 715ರಿಂದ 731ರವರೆಗೆ ಆಳಿದ ಎರಡನೆಯ ಗ್ರೆಗೊರಿಯವರು ಆ ಕೊರತೆಯನ್ನು ತುಂಬಿದರು. ತಪಸ್ಸು ಕಾಲದ ಒಂದೊಂದು ದಿನಕ್ಕೂ ಇಂದು ಪ್ರತ್ಯೇಕವಾದ ವಾಚನ, ಪ್ರಾರ್ಥನೆಗಳಿರುವುದು ಆ ಪರಂಪರೆಯ ಫಲ.

ನಿಯಮವು ಸಡಿಲವಾದ ಬಗೆ

ಪ್ರಾಚೀನರು ಸೂರ್ಯಾಸ್ತದ ತರುವಾಯ ಒಪ್ಪೊತ್ತಿನ ಊಟ ಮಾಡುತ್ತಿದ್ದರು. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಎಲ್ಲವೂ ವರ್ಜ್ಯವಾಗಿದ್ದವು. ಕಾಲಕ್ರಮದಲ್ಲಿ ಆ ಒಂದು ಊಟವು ಸಂಜೆಯಿಂದ ಮಧ್ಯಾಹ್ನದ ಮೂರು ಗಂಟೆಗೆ, ಅಲ್ಲಿಂದ ನಡುಹಗಲಿಗೆ ಸರಿಯಿತು. ಊಟ ಮುಂದಕ್ಕೆ ಬಂದುದರಿಂದ ರಾತ್ರಿಯ ಹಸಿವನ್ನು ತಣಿಸಲು ಒಂದು ಲಘು ಉಪಾಹಾರವೂ ಸೇರಿಕೊಂಡಿತು. ಇನ್ನೊಂದು ಕಡೆ ಬಲಪ್ರಯೋಗವೂ ನಡೆಯಿತು. ಎಂಟನೆಯ ಶತಮಾನದ ಕೊನೆಯಲ್ಲಿ ಸಮ್ರಾಟ ಶಾರ್ಲಮೇನನು ತಾನು ಗೆದ್ದ ಸ್ಯಾಕ್ಸನ್ ಜನರಿಗೆ ವಿಧಿಸಿದ ಶಾಸನದಲ್ಲಿ, ಕ್ರೈಸ್ತಧರ್ಮವನ್ನು ಧಿಕ್ಕರಿಸಿ ತಪಸ್ಸು ಕಾಲದಲ್ಲಿ ಮಾಂಸ ತಿಂದವನಿಗೆ ಮರಣದಂಡನೆ ಎಂದಿತ್ತು. ಫ್ರಾನ್ಸಿನ ರುಆನ್ ನಗರದ ಪ್ರಧಾನ ದೇವಾಲಯದಲ್ಲಿ ಹದಿನೈದನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಒಂದು ಗೋಪುರಕ್ಕೆ 'ಬೆಣ್ಣೆಯ ಗೋಪುರ' ಎಂದೇ ಹೆಸರು. ತಪಸ್ಸು ಕಾಲದಲ್ಲಿ ಬೆಣ್ಣೆ ತಿನ್ನಲು ಅನುಮತಿ ಪಡೆದವರು ಕೊಟ್ಟ ಕಾಣಿಕೆಯಿಂದ ಅದು ಎದ್ದು ನಿಂತಿತೆಂಬುದು ಪ್ರತೀತಿ. ಹೊರಗಿನಿಂದ ಹೇರಿದ ನಿಯಮವು ಒಮ್ಮೆ ಕ್ರೌರ್ಯಕ್ಕೂ ಮತ್ತೊಮ್ಮೆ ವ್ಯಾಪಾರಕ್ಕೂ ಎಡೆಮಾಡಿಕೊಡಬಲ್ಲುದೆಂಬುದಕ್ಕೆ ಇವು ನಿದರ್ಶನಗಳು.

ಆಹಾರದ ನಿಯಮವು ಸಡಿಲಗೊಂಡ ಕಾಲದಲ್ಲಿಯೇ ಪ್ರಾರ್ಥನೆಯ ಹೊಸ ರೂಪಗಳು ಬೆಳೆದವು. ಅವುಗಳಲ್ಲಿ ನಮ್ಮ ಜನರಿಗೆ ಅತ್ಯಂತ ಪ್ರಿಯವಾದುದು ಶಿಲುಬೆಯ ಹಾದಿ. ಜೆರುಸಲೇಮಿಗೆ ಹೋಗಲಾರದ ಬಡವರೂ ಪ್ರಭುವಿನ ಯಾತನೆಯ ಹೆಜ್ಜೆಗಳನ್ನು ತಮ್ಮ ಊರಿನಲ್ಲಿಯೇ ಅನುಸರಿಸಲೆಂದು ಫ್ರಾನ್ಸಿಸ್ಕನ್ ಗುರುಗಳು ಹರಡಿದ ಭಕ್ತಿ ಇದು. 1731ರಲ್ಲಿ ಜಗದ್ಗುರು ಹನ್ನೆರಡನೆಯ ಕ್ಲೆಮೆಂಟರು ಇದನ್ನು ಎಲ್ಲ ದೇವಾಲಯಗಳಲ್ಲಿಯೂ ಸ್ಥಾಪಿಸಬಹುದೆಂದು ಅನುಮತಿಯಿತ್ತು, ಸ್ಥಳಗಳ ಸಂಖ್ಯೆಯನ್ನು ಹದಿನಾಲ್ಕೆಂದು ನಿಗದಿಪಡಿಸಿದರು. ಪೋರ್ಟ್ ಮಾರಿಸಿನ ಸಂತ ಲಿಯೋನಾರ್ಡರು 1731ರಿಂದ 1751ರವರೆಗೆ ಇಟಲಿಯಲ್ಲಿ 570ಕ್ಕೂ ಹೆಚ್ಚು ಕಡೆ ಅದನ್ನು ಸ್ಥಾಪಿಸಿದರು. ಇದಕ್ಕೆ ಬೆಲೆಬಾಳುವ ಚಿತ್ರಗಳೇನೂ ಕಡ್ಡಾಯವಲ್ಲ. ಹದಿನಾಲ್ಕು ಮರದ ಶಿಲುಬೆಗಳಿದ್ದರೆ ಸಾಕು. ಹುಲ್ಲಿನ ಛಾವಣಿಯ ಪ್ರಾರ್ಥನಾ ಮಂದಿರದಲ್ಲಿಯೂ ಶಿಲುಬೆಯ ಹಾದಿ ನಡೆಯಬಲ್ಲುದು.

ಕೊನೆಗೆ 1966ರ ಫೆಬ್ರವರಿ 17ರಂದು ಜಗದ್ಗುರು ಆರನೆಯ ಪೌಲರು ಹೊರಡಿಸಿದ ಶಾಸನಪತ್ರದ ಪ್ರಕಾರ ಕಡ್ಡಾಯವಾದ ಉಪವಾಸದ ದಿನಗಳು ಎರಡಕ್ಕೆ ಇಳಿದವು: ವಿಭೂತಿ ಬುಧವಾರ ಮತ್ತು ಪವಿತ್ರ ಶುಕ್ರವಾರ. 1983ರ ಧರ್ಮಸಭಾ ಕಾನೂನು ಸಂಹಿತೆಯೂ ಇದನ್ನೇ ಸ್ಥಿರಪಡಿಸಿತು. ಪಶ್ಚಾತ್ತಾಪದ ಕರ್ತವ್ಯವನ್ನು ಈ ಶಾಸನವು ತೆಗೆದುಹಾಕಲಿಲ್ಲ. ಪ್ರಾರ್ಥನೆ, ಉಪವಾಸ, ದಾನಧರ್ಮಗಳನ್ನು ಪ್ರತಿಯೊಬ್ಬನೂ ಮನಃಪೂರ್ವಕವಾಗಿ ಕೈಕೊಳ್ಳಬೇಕೆಂಬುದೇ ಅದರ ಆಶಯ. ಆದರೆ ನಿಯಮವು ಹಗುರವಾದಷ್ಟೂ ಹೊಣೆಯು ಭಾರವಾಗುತ್ತದೆ. ಹಿಂದೆ ಊರೆಲ್ಲವೂ ಒಟ್ಟಾಗಿ ಹೊತ್ತುಕೊಂಡಿದ್ದುದನ್ನು ಈಗ ಒಂದೊಂದು ಮನೆಯೂ ತಾನೇ ಹೊರಬೇಕಾಗಿದೆ. ಹಾಗಾದರೆ, ಗುರುಗಳಿಲ್ಲದೆ, ದೇವಾಲಯವಿಲ್ಲದೆ, ಕಡ್ಡಾಯಪಡಿಸುವವರಾರೂ ಇಲ್ಲದೆ ಮನೆಗಳೇ ತಪಸ್ಸು ಕಾಲವನ್ನು ಕಾಪಾಡಬಲ್ಲವೆ? ಚರಿತ್ರೆಯಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿದೆ. ಅದು ನಮಗೆ ದೂರದ ಜಪಾನಿನಿಂದ ಬಂದಿದೆ.

ಉರಕಾಮಿಯ ವಿಶ್ವಾಸಿಗಳು

ಜಪಾನಿನ ಕ್ರೈಸ್ತ ಚರಿತ್ರೆಗೂ ನಮ್ಮ ನಾಡಿಗೂ ಇರುವ ನಂಟು ಹಳೆಯದು. ಗೋವೆಯಿಂದ ಹೊರಟ ಸಂತ ಫ್ರಾನ್ಸಿಸ್ ಝೇವಿಯರರು 1549ರ ಆಗಸ್ಟ್ 15ರಂದು ಜಪಾನಿನ ಕಾಗೋಷಿಮಾದಲ್ಲಿ ಇಳಿದು ಅಲ್ಲಿ ಶುಭಸಂದೇಶದ ಬೀಜವನ್ನು ಬಿತ್ತಿದರು. ಅವರ ಪಾರ್ಥಿವ ಶರೀರವು ಗೋವೆಯ ಬೊಮ್ ಜೇಸು ದೇವಾಲಯದಲ್ಲಿದೆ. 1597ರ ಫೆಬ್ರವರಿ 5ರಂದು ನಾಗಸಾಕಿಯ ಗುಡ್ಡದ ಮೇಲೆ ಶಿಲುಬೆಗೇರಿಸಲ್ಪಟ್ಟ 26 ಮಂದಿ ರಕ್ತಸಾಕ್ಷಿಗಳಲ್ಲಿ ಒಬ್ಬರಾದ ಸಂತ ಗೊನ್ಸಾಲೊ ಗಾರ್ಸಿಯಾ ಮುಂಬಯಿಯ ಬಳಿಯ ವಸಾಯಿಯಲ್ಲಿ ಹುಟ್ಟಿದವರು. 1862ರಲ್ಲಿ ಈ 26 ಮಂದಿಯನ್ನೂ ಸಂತರೆಂದು ಘೋಷಿಸಲಾಯಿತು.

1614ರಲ್ಲಿ ಜಪಾನಿನ ಆಡಳಿತವು ಕ್ರೈಸ್ತಧರ್ಮವನ್ನು ದೇಶಾದ್ಯಂತ ನಿಷೇಧಿಸಿ ಗುರುಗಳನ್ನು ಹೊರಗಟ್ಟಿತು. ಅಡಗಿ ಉಳಿದ ಗುರುಗಳು ಒಬ್ಬೊಬ್ಬರಾಗಿ ಹಿಡಿಯಲ್ಪಟ್ಟರು. ಅವರಲ್ಲಿ ಕೊನೆಯವರು 1644ರಲ್ಲಿ ಪ್ರಾಣಾರ್ಪಣೆ ಮಾಡಿದರು. ಅಲ್ಲಿಂದ ಮುಂದೆ ಆ ದೇಶದಲ್ಲಿ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಪರಮಪ್ರಸಾದವಿಲ್ಲ. ಪ್ರತಿಯೊಂದು ಕುಟುಂಬವೂ ಬೌದ್ಧ ದೇವಾಲಯವೊಂದರಲ್ಲಿ ಹೆಸರು ದಾಖಲಿಸಬೇಕೆಂದು ಕಟ್ಟಾಜ್ಞೆಯಾಯಿತು. ಐದೈದು ಮನೆಗಳನ್ನು ಒಂದು ಗುಂಪಾಗಿ ಮಾಡಿ, ಒಬ್ಬನ ಅಪರಾಧಕ್ಕೆ ಎಲ್ಲರನ್ನೂ ಹೊಣೆ ಮಾಡಲಾಯಿತು. ಕ್ರೈಸ್ತರ ಸುಳಿವು ಕೊಟ್ಟವರಿಗೆ ಬೆಳ್ಳಿಯ ಬಹುಮಾನವೆಂದು ಹಲಗೆಗಳ ಮೇಲೆ ಬರೆದು ಬೀದಿಗಳಲ್ಲಿ ನಿಲ್ಲಿಸಿದರು. ನಾಗಸಾಕಿಯ ಪ್ರದೇಶದಲ್ಲಿ ವರ್ಷಕ್ಕೊಮ್ಮೆ ಜನರು ಅಧಿಕಾರಿಗಳ ಎದುರಿನಲ್ಲಿ ಯೇಸುಸ್ವಾಮಿಯ ಅಥವಾ ಮಾತೆ ಮರಿಯಮ್ಮನವರ ಪ್ರತಿಮೆಯ ಫಲಕವನ್ನು ಕಾಲಿನಿಂದ ತುಳಿದು ತಾವು ಕ್ರೈಸ್ತರಲ್ಲವೆಂದು ತೋರಿಸಬೇಕಾಗಿತ್ತು.

ಇಂತಹ ಸ್ಥಿತಿಯಲ್ಲಿ ನಾಗಸಾಕಿಯ ಬಳಿಯ ಉರಕಾಮಿ ಎಂಬ ಗ್ರಾಮದ ರೈತರು ತಮ್ಮೊಳಗೆ ಒಂದು ವ್ಯವಸ್ಥೆಯನ್ನು ಮಾಡಿಕೊಂಡರು. ಗ್ರಾಮಕ್ಕೆ ಒಬ್ಬ ಮುಖಂಡ. ಧರ್ಮಸಭೆಯ ಪಂಚಾಂಗವನ್ನು ಕಾಪಾಡುವುದೇ ಅವನ ಮುಖ್ಯ ಹೊಣೆ. ಅವನನ್ನು 'ಚೋಕತ' ಎಂದು ಕರೆಯುತ್ತಿದ್ದರು. ಅವನ ಕೈಕೆಳಗೆ ಕೇರಿಗೊಬ್ಬ 'ಮಿಜುಕತ', ಎಂದರೆ ಮಕ್ಕಳಿಗೆ ಜ್ಞಾನಸ್ನಾನ ಕೊಡುವವನು. ಅವನ ಕೆಳಗೆ ಮನೆಮನೆಗೆ ಸುದ್ದಿ ಮುಟ್ಟಿಸುವ 'ಕಿಕಿಯಾಕು'. ಮುಂದಿನ ವಾರದಲ್ಲಿ ಯಾವ ಹಬ್ಬ ಬರುತ್ತದೆ, ಯಾವ ದಿನ ಉಪವಾಸ, ಯಾವ ದಿನ ಕೆಲಸ ಬಿಡಬೇಕು ಎಂಬುದನ್ನು ಚೋಕತನು ಗಣಿಸಿ ಹೇಳುತ್ತಿದ್ದನು. ಆ ಮಾತು ಒಬ್ಬರ ಬಾಯಿಂದ ಮತ್ತೊಬ್ಬರಿಗೆ ಸಾಗಿ, ವಿಶ್ವಾಸಿಗಳ ಮನೆಗಳಿಗೆ ಗುಟ್ಟಾಗಿ ತಲುಪುತ್ತಿತ್ತು.

ಈ ಕೆಲಸದ ಕಷ್ಟವನ್ನು ನಾವು ಸರಿಯಾಗಿ ಗ್ರಹಿಸಬೇಕು. ಆಗಿನ ಜಪಾನಿನಲ್ಲಿ ಚಾಂದ್ರಮಾನದ ಪಂಚಾಂಗವು ಬಳಕೆಯಲ್ಲಿತ್ತು. ಭಾನುವಾರವು ವಿಶ್ರಾಂತಿಯ ದಿನವಾಗಿರಲಿಲ್ಲ. ಏಳು ದಿನಗಳ ವಾರದ ಎಣಿಕೆಯೇ ಜನಜೀವನದಲ್ಲಿ ರೂಢಿಯಲ್ಲಿರಲಿಲ್ಲ. ಪಾಸ್ಖ ಹಬ್ಬವು ಪ್ರತಿವರ್ಷವೂ ಬೇರೆ ಬೇರೆ ದಿನಾಂಕದಂದು ಬರುವ ಹಬ್ಬ. ಅದರೊಡನೆ ತಪಸ್ಸು ಕಾಲದ ಆರಂಭವೂ ಸರಿಯುತ್ತದೆ. ಬಾಸ್ತಿಯಾನನೆಂಬ ಜಪಾನಿ ಉಪದೇಶಿಯ ಹೆಸರಿನಿಂದ ಪ್ರಸಿದ್ಧವಾದ ಒಂದು ಪಂಚಾಂಗವು 1634ರ ಧರ್ಮಸಭೆಯ ವರ್ಷವನ್ನು ಆಧರಿಸಿ, ಹಬ್ಬಗಳನ್ನು ಜಪಾನಿನ ತಿಂಗಳುಗಳಿಗೆ ಹೊಂದಿಸಿಕೊಟ್ಟಿತ್ತು. ಅದನ್ನು ಆಧಾರವಾಗಿಟ್ಟುಕೊಂಡು ಶಾಸ್ತ್ರಗಳನ್ನು ಓದದ ಒಕ್ಕಲು ಮಕ್ಕಳು ತಲೆಮಾರಿನಿಂದ ತಲೆಮಾರಿಗೆ ದಿನಗಳನ್ನು ಎಣಿಸಿಕೊಂಡು ಬಂದರು. ತಪಸ್ಸು ಕಾಲಕ್ಕೆ ಅವರು 'ಕನಶಿಮಿ' ಎಂದು ಹೆಸರಿಟ್ಟಿದ್ದರು. ಅದರ ಅರ್ಥ ದುಃಖ. ದುಃಖದ ಕಾಲವು ಎಂದು ಆರಂಭವಾಗುತ್ತದೆ, ಇಂದು ಅದರ ಎಷ್ಟನೆಯ ದಿನ ಎಂಬುದನ್ನು ಅವರು ಮರೆಯಲಿಲ್ಲ.

ಎಣಿಕೆಯ ಜೊತೆಗೆ ಪ್ರಾರ್ಥನೆಯೂ ಇತ್ತು. ಲ್ಯಾಟಿನಿನ 'ಒರಾಸಿಯೊ' ಎಂಬ ಶಬ್ದದಿಂದ ಬಂದ 'ಒರಾಶೊ' ಎಂಬುದು ಅವರ ಜಪಗಳಿಗೆ ಹೆಸರು. ಪುಸ್ತಕವು ಕೈಗೆ ಸಿಕ್ಕರೆ ಪ್ರಾಣಕ್ಕೆ ಅಪಾಯ. ಆದ್ದರಿಂದ ಜಪಗಳು ಬಾಯಿಪಾಠವಾಗಿ ತಂದೆತಾಯಿಗಳಿಂದ ಮಕ್ಕಳಿಗೆ ಇಳಿದುಬಂದವು. ಕಾಲ ಕಳೆದಂತೆ ಲ್ಯಾಟಿನ್ ಶಬ್ದಗಳು ರೂಪಗೆಟ್ಟು, ಹೇಳುವವರಿಗೇ ಅವುಗಳ ಅರ್ಥ ತಿಳಿಯದಾಯಿತು. ಆದರೂ ಬಿಡಲಿಲ್ಲ. ಇವೆಲ್ಲಕ್ಕೂ ಮಿಗಿಲಾಗಿ ಅವರು ಆಶ್ರಯಿಸಿದುದು ಪಶ್ಚಾತ್ತಾಪದ ಪ್ರಾರ್ಥನೆಯನ್ನು. ಗುರುಗಳು ಇನ್ನೂ ದೇಶದಲ್ಲಿದ್ದ ಕಾಲದಲ್ಲಿ, ಪಾಪನಿವೇದನೆಗೆ ಅವಕಾಶವಿಲ್ಲದಾಗ ಪರಿಪೂರ್ಣವಾದ ಪಶ್ಚಾತ್ತಾಪದಿಂದ ದೇವರ ಕ್ಷಮೆಯನ್ನು ಬೇಡುವ ಬಗೆಯನ್ನು ಕಲಿಸುವ ಒಂದು ಕಿರುಹೊತ್ತಗೆ ಪ್ರಚಾರದಲ್ಲಿತ್ತು. ಆ ಬೋಧನೆಯೇ ಅವರನ್ನು ಉಳಿಸಿತೆನ್ನಬೇಕು. ಪವಿತ್ರ ಪ್ರತಿಮೆಯನ್ನು ತುಳಿದು ಮನೆಗೆ ಬಂದವರು ಬಾಗಿಲು ಹಾಕಿಕೊಂಡು ಆ ಪ್ರಾರ್ಥನೆಯನ್ನು ಹೇಳಿ ದುಃಖಿಸುತ್ತಿದ್ದರು. ಅವರು ವೀರರಾಗಿ ಮೆರೆಯಲಿಲ್ಲವೆಂಬುದು ನಿಜ. ರಕ್ತಸಾಕ್ಷಿಗಳ ಕೀರ್ತಿ ಅವರಿಗೆ ಸಲ್ಲಲಿಲ್ಲ. ಆದರೆ ಬಿದ್ದಲ್ಲಿಂದ ಮತ್ತೆ ಏಳುವುದೇ ತಪಸ್ಸು ಕಾಲದ ತಿರುಳಾದರೆ, ಅದನ್ನು ಅವರಷ್ಟು ಆಳವಾಗಿ ಅರಿತವರು ವಿರಳ.

1856ರಲ್ಲಿ ಉರಕಾಮಿಯಲ್ಲಿ ಮತ್ತೆ ಬಂಧನಗಳಾದವು. ಪಂಚಾಂಗದ ಹೊಣೆ ಹೊತ್ತಿದ್ದ ಮುಖಂಡನೂ ಸೆರೆಯಾಗಿ ಅಲ್ಲಿಯೇ ಮಡಿದನು. ಆದರೂ ಎಣಿಕೆ ನಿಲ್ಲಲಿಲ್ಲ.

1865ರ ಮಾರ್ಚ್ 17

ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಜಪಾನು ವಿದೇಶೀಯರಿಗೆ ಕೆಲವು ಬಂದರುಗಳನ್ನು ತೆರೆಯಿತು. ಅಲ್ಲಿಯ ವಿದೇಶೀ ನಿವಾಸಿಗಳ ಆತ್ಮಪಾಲನೆಗಾಗಿ ಪ್ಯಾರಿಸಿನ ವಿದೇಶೀ ಮಿಷನ್ ಸಂಸ್ಥೆಯ ಗುರುಗಳು ಬಂದರು. ಈ ಸಂಸ್ಥೆಯ ಹೆಸರು ಹಳೆಯ ಮೈಸೂರು ಸೀಮೆಯ ಕಥೋಲಿಕರಿಗೆ ಅಪರಿಚಿತವಲ್ಲ. ಶ್ರೀರಂಗಪಟ್ಟಣದ ಪತನದ ತರುವಾಯ ಅಲ್ಲಿಯ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಿದ ಅಬ್ಬೆ ದ್ಯುಬುವಾ ಸ್ವಾಮಿಗಳು ಇದೇ ಸಂಸ್ಥೆಗೆ ಸೇರಿದವರು. 1850ರಲ್ಲಿ ಮೈಸೂರು ಪ್ರತ್ಯೇಕ ವಿಕಾರಿಯೇಟ್ ಆದಾಗ ಅದರ ಹೊಣೆ ಹೊತ್ತ ಬಿಷಪ್ ಶಾರ್ಬೊನೋ ಅವರೂ ಇದೇ ಸಂಸ್ಥೆಯವರು. ಬೆಂಗಳೂರು, ಮೈಸೂರು ಸೀಮೆಗಳ ಅನೇಕ ಹಳೆಯ ದೇವಾಲಯಗಳ ದಾಖಲೆಗಳಲ್ಲಿ ಕಾಣುವ ಫ್ರೆಂಚ್ ಹೆಸರುಗಳ ಸೋದರ ಗುರುಗಳೇ ಜಪಾನಿಗೂ ಹೋದವರು.

ಅವರಲ್ಲೊಬ್ಬರು ಬೆರ್ನಾರ್ಡ್ ಪೆತಿಜಾನ್ ಸ್ವಾಮಿಗಳು. ನಾಗಸಾಕಿಯ ಓಉರ ಎಂಬಲ್ಲಿ 26 ರಕ್ತಸಾಕ್ಷಿಗಳ ಸ್ಮರಣಾರ್ಥವಾಗಿ ಕಟ್ಟಿದ ದೇವಾಲಯವು 1865ರ ಫೆಬ್ರವರಿ 19ರಂದು ಪ್ರತಿಷ್ಠೆಗೊಂಡಿತು. ಜಪಾನೀಯರಿಗೆ ಕ್ರೈಸ್ತಧರ್ಮವು ಇನ್ನೂ ನಿಷಿದ್ಧವೇ ಆಗಿತ್ತು. ಮಾರ್ಚ್ 17, ಶುಕ್ರವಾರ, ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಹದಿನೈದು ಮಂದಿ ಹೆಂಗಸರು, ಗಂಡಸರು, ಮಕ್ಕಳು ದೇವಾಲಯದ ಬಾಗಿಲಿಗೆ ಬಂದು ನಿಂತರು. ಕುತೂಹಲಿಗಳಾದ ನೋಡುಗರಿರಬಹುದೆಂದು ಪೆತಿಜಾನ್ ಸ್ವಾಮಿಗಳು ಬಾಗಿಲು ತೆರೆದು, ಒಳಗೆ ಹೋಗಿ ಮೊಣಕಾಲೂರಿ ಪ್ರಾರ್ಥಿಸತೊಡಗಿದರು. ಆಗ ಆ ಗುಂಪಿನಿಂದ ಮೂವರು ವಯಸ್ಸಾದ ಹೆಂಗಸರು ಅವರ ಪಕ್ಕದಲ್ಲಿ ಬಂದು ಮೊಣಕಾಲೂರಿದರು. ಒಬ್ಬಾಕೆ ಎದೆಯ ಮೇಲೆ ಕೈಯಿಟ್ಟು, ಗೋಡೆಗಳೂ ಕೇಳದಿರಲೆಂಬಂತೆ ಮೆಲ್ಲಗೆ, ತಮ್ಮೆಲ್ಲರ ಹೃದಯವೂ ಅವರ ಹೃದಯವೂ ಒಂದೇ ಎಂದಳು. ಎಲ್ಲಿಯವರೆಂದು ಕೇಳಲು, ಉರಕಾಮಿಯವರೆಂದೂ ಅಲ್ಲಿ ಬಹುಮಟ್ಟಿಗೆ ಎಲ್ಲರದೂ ಇದೇ ಹೃದಯವೆಂದೂ ತಿಳಿಸಿದಳು. ಬಳಿಕ ಸಾಂತಾ ಮರಿಯಾಳ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು.

ಮಾತೆಯ ಪ್ರತಿಮೆಯ ಮುಂದೆ ನಿಂತು ಅವರು ಆನಂದಬಾಷ್ಪ ಸುರಿಸಿದ ಪ್ರಸಂಗವು ಲೋಕಪ್ರಸಿದ್ಧವಾಗಿದೆ. ಆದರೆ ಅದರ ಬೆನ್ನಲ್ಲೇ ನಡೆದ ಇನ್ನೊಂದು ಮಾತುಕತೆಯನ್ನು ಸ್ಮರಿಸುವವರು ಕಡಿಮೆ. ಹಿಮದ ತಿಂಗಳಿನ ಇಪ್ಪತ್ತೈದನೆಯ ದಿನ ತಾವು ಪ್ರಭುವಿನ ಜನನದ ಹಬ್ಬವನ್ನು ಆಚರಿಸುವುದಾಗಿ ಅವರು ಹೇಳಿದರು. ಈಗ ನಡೆಯುತ್ತಿರುವುದು ದುಃಖದ ಕಾಲ, ಇಂದು ಅದರ ಹದಿನೇಳನೆಯ ದಿನ, ತಾವೂ ಇದನ್ನು ಆಚರಿಸುವಿರಾ ಎಂದು ಗುರುಗಳನ್ನು ವಿಚಾರಿಸಿದರು. ಹೌದು, ಇಂದು ಹದಿನೇಳನೆಯ ದಿನವೇ ಎಂದು ಪೆತಿಜಾನ್ ಸ್ವಾಮಿಗಳು ಉತ್ತರವಿತ್ತರು.

ಓದುಗರು ಈ ಲೆಕ್ಕವನ್ನು ಸ್ವತಃ ಪರೀಕ್ಷಿಸಿಕೊಳ್ಳಬಹುದು. 1865ರಲ್ಲಿ ಪಾಸ್ಖ ಹಬ್ಬವು ಏಪ್ರಿಲ್ 16ರಂದು ಬಂದಿತ್ತು; ವಿಭೂತಿ ಬುಧವಾರವು ಮಾರ್ಚ್ 1ರಂದು. ಮಾರ್ಚ್ 17 ಸರಿಯಾಗಿ ಹದಿನೇಳನೆಯ ದಿನ. ಕೊನೆಯ ಗುರುವನ್ನು ಕಳೆದುಕೊಂಡು 221 ವರ್ಷಗಳಾಗಿದ್ದವು. ಏಳು ತಲೆಮಾರುಗಳು ಸಂದಿದ್ದವು. ರೋಮಾಪುರಿಯಲ್ಲಿ ಜಗದ್ಗುರುಗಳು ಆಚರಿಸುತ್ತಿದ್ದ ದಿನವೂ ಉರಕಾಮಿಯ ಒಬ್ಬ ಬಡ ರೈತ ಹೆಂಗಸು ಮನಸ್ಸಿನಲ್ಲಿ ಎಣಿಸಿಟ್ಟುಕೊಂಡಿದ್ದ ದಿನವೂ ಒಂದೇ ಆಗಿತ್ತು.

ಅನಂತರದ ಕಥೆ

ಗುರುತು ಹೊರಬಿದ್ದುದರಿಂದ ಉರಕಾಮಿಯವರ ಕಷ್ಟಗಳು ಮುಗಿಯಲಿಲ್ಲ. 1867ರಲ್ಲಿ ಬಂಧನಗಳು ಮತ್ತೆ ಆರಂಭವಾಗಿ, ಕೊನೆಗೆ ಸುಮಾರು 3,400 ಮಂದಿಯನ್ನು ದೇಶದ ನಾನಾ ಭಾಗಗಳಿಗೆ ಗಡೀಪಾರು ಮಾಡಲಾಯಿತು. ಅವರಲ್ಲಿ 600ಕ್ಕೂ ಹೆಚ್ಚು ಮಂದಿ ಮರಳಿ ಬರಲಿಲ್ಲ. ಪಾಶ್ಚಾತ್ಯ ರಾಷ್ಟ್ರಗಳ ಒತ್ತಾಯದ ಫಲವಾಗಿ 1873ರಲ್ಲಿ ನಿಷೇಧದ ಹಲಗೆಗಳು ಬೀದಿಗಳಿಂದ ಇಳಿದವು. ಊರಿಗೆ ಹಿಂದಿರುಗಿದವರು ಬಡತನದಲ್ಲಿಯೇ ಹಣ ಕೂಡಿಸಿ, ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಉರಕಾಮಿಯ ಪ್ರಧಾನ ದೇವಾಲಯವನ್ನು ಕಟ್ಟಿದರು. 1945ರ ಆಗಸ್ಟ್ 9ರಂದು ಅಣುಬಾಂಬು ಸಿಡಿದುದು ಆ ದೇವಾಲಯದ ಸಮೀಪದಲ್ಲಿಯೇ. ಉರಕಾಮಿಯ ಸುಮಾರು 12,000 ಕಥೋಲಿಕರಲ್ಲಿ ಸುಮಾರು 8,500 ಮಂದಿ ಮಡಿದರು. ಅವಶೇಷಗಳಿಂದ ಅಖಂಡವಾಗಿ ಹೊರತೆಗೆದ ಒಂದು ಗಂಟೆಯು ಅದೇ ವರ್ಷದ ಕ್ರಿಸ್ಮಸ್ ಸಂದರ್ಭದಲ್ಲಿ ಮತ್ತೆ ಮೊಳಗಿತು. 1959ರಲ್ಲಿ ದೇವಾಲಯವು ಮತ್ತೆ ಎದ್ದು ನಿಂತಿತು. 2018ರಲ್ಲಿ ಓಉರ ದೇವಾಲಯವೂ ಗುಪ್ತ ಕ್ರೈಸ್ತರ ಗ್ರಾಮಗಳೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 2019ರ ನವೆಂಬರ್ 24ರಂದು ಅಂದಿನ ಜಗದ್ಗುರು ಫ್ರಾನ್ಸಿಸರು ನಾಗಸಾಕಿಯನ್ನು ಸಂದರ್ಶಿಸಿದರು.

ಗುಪ್ತ ಕ್ರೈಸ್ತರೆಲ್ಲರೂ ಧರ್ಮಸಭೆಗೆ ಹಿಂದಿರುಗಲಿಲ್ಲವೆಂಬುದನ್ನೂ ಹೇಳುವುದು ನ್ಯಾಯ. ಪೂರ್ವಿಕರ ರೂಢಿಯೇ ತಮಗೆ ಸಾಕೆಂದು ಕೆಲವರು ಹೊರಗುಳಿದರು. ಅಂಥವರ ಸಂಖ್ಯೆಯು ಕಾಲಕ್ರಮದಲ್ಲಿ ಬಹಳ ಕ್ಷೀಣಿಸಿತು. ಸಾಧನೆಯು ಎಷ್ಟೇ ನಿಷ್ಠೆಯದಾದರೂ ಸಂಸ್ಕಾರಗಳ ಜೀವಜಲದಿಂದ ಬಹುಕಾಲ ದೂರವಾದರೆ ಒಣಗುವ ಅಪಾಯವಿದೆಯೆಂಬ ಎಚ್ಚರಿಕೆಯೂ ಇದರಲ್ಲಿದೆ.

ನಮ್ಮ ನಾಡಿನ ಅನುಭವ

ಗುರುಗಳಿಲ್ಲದ ತಪಸ್ಸು ಕಾಲವನ್ನು ನಮ್ಮ ಕರ್ನಾಟಕದ ಕ್ರೈಸ್ತರೂ ಕಂಡಿದ್ದಾರೆ. 1784ರ ಫೆಬ್ರವರಿಯ ಕೊನೆಯ ವಾರದಲ್ಲಿ, ವಿಭೂತಿ ಬುಧವಾರದ ಸಮಯಕ್ಕೆ, ಕೆನರಾ ಸೀಮೆಯ ಸಾವಿರಾರು ಕ್ರೈಸ್ತರು ಟಿಪ್ಪು ಸುಲ್ತಾನನ ಆಜ್ಞೆಯಂತೆ ಬಂಧಿತರಾಗಿ ಘಟ್ಟ ಹತ್ತಿ ಶ್ರೀರಂಗಪಟ್ಟಣದತ್ತ ನಡೆದರು. ಅದರ ರಾಜಕೀಯ ಕಾರಣಗಳ ಚರ್ಚೆ ಇಲ್ಲಿ ಅಪ್ರಸ್ತುತ. ಗುರುಗಳು ಗೋವೆಗೆ ಗಡೀಪಾರಾದರು, ದೇವಾಲಯಗಳು ಕೆಡವಲ್ಪಟ್ಟವು. 1799ರ ಮೇ 4ರವರೆಗೆ, ಹದಿನೈದು ವರ್ಷಗಳ ಕಾಲ ಅವರ ಸೆರೆವಾಸ ಮುಂದುವರಿಯಿತು. ಬದುಕುಳಿದವರು ಊರುಗಳಿಗೆ ಮರಳಿ ದೇವಾಲಯಗಳನ್ನು ಮತ್ತೆ ಎಬ್ಬಿಸಿದರು. ಕಲ್ಲು ಮಣ್ಣಿನ ಗೋಡೆಗಳಿಲ್ಲದ ಆ ವರ್ಷಗಳಲ್ಲಿ ವಿಶ್ವಾಸಕ್ಕೆ ಆಸರೆಯಾಗಬಲ್ಲುದಾಗಿದ್ದುದು ಕುಟುಂಬವಲ್ಲದೆ ಬೇರೇನೂ ಅಲ್ಲ. ಇಂದಿಗೂ ಕರಾವಳಿಯ ಮನೆಗಳಲ್ಲಿ ಸಂಜೆ ದೀಪ ಹಚ್ಚಿ ಜಪಸರ ಹೇಳುವಾಗ, ಅದು ಬರಿಯ ರೂಢಿಯಲ್ಲ, ಒಂದು ಜನಾಂಗವನ್ನು ಉಳಿಸಬಲ್ಲ ಬಲವೆಂಬುದನ್ನು ಮರೆಯಬಾರದು.

ಮಲಬಾರಿನ ಸಂತ ತೋಮಸರ ಕ್ರೈಸ್ತರಲ್ಲಿ ಈ ಕಾಲಕ್ಕೆ ಐವತ್ತು ದಿನಗಳ ನೋಂಪಿಯೆಂದೇ ಹೆಸರು. ಅವರಲ್ಲಿ ಅದು ಬುಧವಾರಕ್ಕೆ ಬದಲಾಗಿ ಸೋಮವಾರವೇ ಆರಂಭವಾಗುತ್ತದೆ. 1999ರಲ್ಲಿ ಬೆಳ್ತಂಗಡಿ ಮತ್ತು 2007ರಲ್ಲಿ ಮಂಡ್ಯ ಧರ್ಮಕ್ಷೇತ್ರಗಳು ಸ್ಥಾಪಿತವಾದಂದಿನಿಂದ ಆ ಪ್ರಾಚೀನ ಸಂಪ್ರದಾಯವೂ ನಮ್ಮ ನೆರೆಮನೆಯ ಆಚರಣೆಯಾಗಿದೆ. ದಿನಗಳ ಎಣಿಕೆ ಬೇರೆಯಾದರೂ ಪ್ರತಿದಿನವನ್ನೂ ದೇವರಿಗೆ ಒಪ್ಪಿಸುವ ಮನಸ್ಸು ಒಂದೇ. ಇರೆನೇಯುಸರು ಹದಿನೆಂಟು ಶತಮಾನಗಳ ಹಿಂದೆ ಹೇಳಿದುದೂ ಇದನ್ನೇ.

ಶತಮಾನದ ಹೊಸ್ತಿಲಲ್ಲಿ

ಧರ್ಮಕೇಂದ್ರವೊಂದು ನೂರು ವರ್ಷಗಳನ್ನು ಪೂರೈಸಿದಾಗ ಗೋಪುರ, ಗಂಟೆ, ಬಲಿಪೀಠಗಳನ್ನು ಕಟ್ಟಿಸಿದ ಮಹನೀಯರನ್ನು ನೆನೆಯುವುದು ಯೋಗ್ಯವಾದ ಕಾರ್ಯ. ಆದರೆ ನೂರು ವರ್ಷವೆಂದರೆ ನೂರು ತಪಸ್ಸು ಕಾಲಗಳೂ ಹೌದು. ಹೆಸರು ಎಲ್ಲಿಯೂ ದಾಖಲಾಗದ ತಾಯಂದಿರು, ಉಪದೇಶಿಗಳು, ಕೂಲಿಕಾರರು ಆ ದಿನಗಳನ್ನು ಒಂದೊಂದಾಗಿ ನಡೆಸಿಕೊಂಡು ಬಂದುದರಿಂದಲೇ ಗೋಪುರಕ್ಕೆ ಅರ್ಥ ಉಳಿದಿದೆ.

ಉರಕಾಮಿಯವರ ಸಾಧನೆಯಲ್ಲಿ ನಮಗೆ ಅಸಾಧ್ಯವಾದುದು ಏನೂ ಇರಲಿಲ್ಲ. ಅವರು ದಿನವನ್ನು ಎಣಿಸಿದರು. ಆದ್ದರಿಂದ ದಿನವು ಗುರುತಿಲ್ಲದೆ ಜಾರಿಹೋಗಲಿಲ್ಲ. ಪ್ರತಿಯೊಂದು ಕೇರಿಯಲ್ಲಿಯೂ ಅದನ್ನು ನೆನಪಿಸುವ ಹೊಣೆಯನ್ನು ಒಬ್ಬರಿಗೆ ಒಪ್ಪಿಸಿದರು. ಆದ್ದರಿಂದ ಅದು ಎಲ್ಲರದೂ ಆಗಿ ಯಾರದೂ ಅಲ್ಲದ ಕೆಲಸವಾಗಲಿಲ್ಲ. ಮಕ್ಕಳಿಗೆ ಪ್ರಾರ್ಥನೆಯನ್ನು ಬಾಯಿಪಾಠ ಮಾಡಿಸಿದರು. ಆದ್ದರಿಂದ ಪುಸ್ತಕವು ಹೋದರೂ ಜಪವು ಉಳಿಯಿತು. ನಮ್ಮ ಮನೆಗಳಲ್ಲಿಯೂ ಒಬ್ಬರು ಪಂಚಾಂಗವನ್ನು ನೋಡಿ ಇಂದು ಎಷ್ಟನೆಯ ದಿನವೆಂದು ಊಟಕ್ಕೆ ಮೊದಲು ಹೇಳಬಹುದು. ಶುಭಸಂದೇಶದ ಹತ್ತು ಸಾಲುಗಳನ್ನು ಮಕ್ಕಳಲ್ಲೊಬ್ಬರು ಓದಬಹುದು. ಒಂದು ಹೊತ್ತಿನ ಊಟದಲ್ಲಿ ಉಳಿಸಿದ ಹಣವನ್ನು ಹಸಿದವರಿಗಾಗಿ ಒಂದು ಡಬ್ಬಿಯಲ್ಲಿ ಹಾಕಿಡಬಹುದು. ಮಲಗುವ ಮುನ್ನ ಎಲ್ಲರೂ ಸೇರಿ ಪಶ್ಚಾತ್ತಾಪದ ಪ್ರಾರ್ಥನೆಯನ್ನು ಹೇಳಬಹುದು. ಒಂದು ದಿನ ತಪ್ಪಿದರೆ ಎದೆಗುಂದದೆ ಮರುದಿನ ಮತ್ತೆ ಆರಂಭಿಸಬಹುದು. ಎಜೇರಿಯಾ ಕಂಡ ಜೆರುಸಲೇಮಿನಲ್ಲಿದ್ದಂತೆ, ಹೆಚ್ಚು ಮಾಡಿದವರನ್ನು ಹೊಗಳುವುದೂ ಕಡಿಮೆ ಮಾಡಿದವರನ್ನು ಹಳಿಯುವುದೂ ಬೇಡ.

ನಮ್ಮ ಕಾಲದಲ್ಲಿ ಕ್ರೈಸ್ತರ ಸುಳಿವು ಕೊಟ್ಟವರಿಗೆ ಬೆಳ್ಳಿ ಕೊಡುವೆವೆಂಬ ಹಲಗೆಗಳು ನಮ್ಮ ಬೀದಿಗಳಲ್ಲಿಲ್ಲ. ದೇವಾಲಯದ ಬಾಗಿಲು ತೆರೆದಿದೆ. ಗುರುಗಳು ನಮ್ಮ ನಡುವೆಯೇ ಇದ್ದಾರೆ. ಪಾಪನಿವೇದನೆಗೂ ಪರಮಪ್ರಸಾದಕ್ಕೂ ಅಡ್ಡಿಯಿಲ್ಲ. ಉರಕಾಮಿಯವರು ಇನ್ನೂರು ವರ್ಷಗಳಿಗೂ ಮಿಕ್ಕಿ ಹಂಬಲಿಸಿದುದೆಲ್ಲವೂ ನಮಗೆ ಕೈಗೆಟುಕುವ ದೂರದಲ್ಲಿದೆ. ಇಷ್ಟಿದ್ದೂ ತಪಸ್ಸು ಕಾಲದ ನಡುವಿನ ಒಂದು ಸಾಧಾರಣ ದಿನದಂದು, ಇಂದು ಎಷ್ಟನೆಯ ದಿನವೆಂದು ಯಾರಾದರೂ ಕೇಳಿದರೆ ತಡವರಿಸದೆ ಉತ್ತರ ಹೇಳುವ ಮನೆಗಳು ನಮ್ಮಲ್ಲಿ ಎಷ್ಟಿವೆ ಎಂಬುದನ್ನು ಪ್ರತಿಯೊಬ್ಬರೂ ಆತ್ಮಪರಿಶೋಧನೆ ಮಾಡಿಕೊಳ್ಳಬೇಕು. ಅಂಥ ಮನೆಗಳಿರುವವರೆಗೆ ಧರ್ಮಕೇಂದ್ರಕ್ಕೆ ಎರಡನೆಯ ಶತಮಾನದ ಭಯವಿಲ್ಲ.